ವಸ್ತು ಸಂಖ್ಯೆ ಒಂದು

ಮನೆಸಾಮಾನು ಮಾರುವ ಆ ಆನ್‌ಲೈನ್ ಅಂಗಡಿಯ ಕಚೇರಿಯಲ್ಲಿ ಅವಳಿಗೆ ಎರಡು ಹೆಸರು. ಎದುರಿಗೆ ಮೇಡಂ, ಬೆನ್ನ ಹಿಂದೆ ವಿಳಾಸದಮ್ಮ. ಎರಡನೆಯದು ಅವಳಿಗೆ ಗೊತ್ತೇ ಇಲ್ಲವೆಂದು ಇಡೀ ಮಹಡಿ ನಂಬಿತ್ತು. ಗೊತ್ತಿದೆ ಎಂದು ಹೇಳಿ ಅವರ ಸಂತೋಷಕ್ಕೆ ಯಾಕೆ ಕಲ್ಲು ಹಾಕಬೇಕೆಂದು ಅವಳೂ ಸುಮ್ಮನಿದ್ದಳು.

ಹೆಸರು ಸುಮ್ಮಸುಮ್ಮನೆ ಬಂದದ್ದಲ್ಲ. ಅಂಗಡಿಯ ಕ್ಯಾಟಲಾಗಿನಲ್ಲಿ ಒಂಬತ್ತು ಸಾವಿರ ವಸ್ತುಗಳಿದ್ದವು. ಬಕೆಟ್ಟು, ಪರದೆಯ ಕಂಬಿ, ಕಾಲೊರೆಸು, ಇಸ್ತ್ರಿಪೆಟ್ಟಿಗೆ, ಒಂದೊಂದಕ್ಕೂ ಒಂದು ಪುಟ, ಒಂದೊಂದು ಪುಟಕ್ಕೂ ಒಂದು ವೆಬ್ ವಿಳಾಸ. ಗಿರಾಕಿ ಪಟ್ಟಿಯಲ್ಲಿ ಬಕೆಟ್ಟಿನ ಹೆಸರು ಒತ್ತಿದರೆ ಬಕೆಟ್ಟೇ ಕಾಣಿಸಬೇಕು, ಕಾಲೊರೆಸು ಕಾಣಿಸಬಾರದು. ಹೊಸದಾಗಿ ಬಂದ ಪ್ರತಿ ವಸ್ತುವಿನ ವಿಳಾಸವನ್ನೂ ಒತ್ತಿ, ತೆರೆದ ಪುಟವನ್ನು ಕಣ್ಣಾರೆ ನೋಡಿ, ಸರಿ ಎಂದು ಗುರುತು ಹಾಕುವುದು ಅವಳ ಕೆಲಸ. ಎಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದಳು. ವಿಳಾಸದ ಕೊನೆಯಲ್ಲಿ ಯಾರೋ ಅಪ್ಪಿತಪ್ಪಿ ಒಂದು ಜಾಗ ಬಿಟ್ಟಿದ್ದರೂ ಅವಳಿಗೆ ತಿಳಿಯುತ್ತಿತ್ತು. ತಿಳಿದ ಮೇಲೆ ಬಿಟ್ಟವರನ್ನು ಹುಡುಕಿಕೊಂಡು ಅವರ ಮೇಜಿನವರೆಗೂ ಹೋಗಿ, ತುಂಬ ಮರ್ಯಾದೆಯಿಂದ, "ಇಲ್ಲೊಂದು ಜಾಗ ಖಾಲಿ ಇದೆ ನೋಡಿ, ಬಾಡಿಗೆಗೆ ಕೊಡ್ತೀರಾ?" ಎಂದು ಕೇಳುತ್ತಿದ್ದಳು. ಇಂಥವಳಿಗೆ ಅಡ್ಡಹೆಸರು ಇಡದೆ ಬಿಡುತ್ತಾರೆಯೆ?

ಕ್ಯಾಟಲಾಗು ಕೋಣೆ ಮಹಡಿಯ ತುದಿಯಲ್ಲಿತ್ತು. ಕಿಟಕಿಯ ಪಕ್ಕ ಅವಳ ಕುರ್ಚಿ, ಎದುರಿಗೆ ಪರದೆ, ಪಕ್ಕದಲ್ಲಿ ಬಿಸಿನೀರಿನ ಫ್ಲಾಸ್ಕು. ಇನ್ನೊಬ್ಬರು ಕೂರುವ ಜಾಗವೇ ಅಲ್ಲಿರಲಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ, ಮಧ್ಯಾಹ್ನದ ಹೊತ್ತಿಗೆ, ಕಿವಿ ಕೆಟ್ಟಿತೇನೋ ಎಂದು ಅವಳಿಗೆ ಗಾಬರಿಯಾಗಿತ್ತು. ಆಮೇಲೆ ಗೊತ್ತಾಯಿತು, ಕಿವಿಗೇನೂ ಆಗಿಲ್ಲ, ಯಾರೂ ಮಾತಾಡುತ್ತಿಲ್ಲ ಅಷ್ಟೇ. ಆ ಕ್ಷಣದಿಂದ ಅವಳಿಗೆ ಆ ಕುರ್ಚಿಯ ಮೇಲೆ ಬಂದ ಪ್ರೀತಿ ಕಟ್ಟಿಕೊಂಡ ಗಂಡನ ಮೇಲೂ ಅಷ್ಟು ಬೇಗ ಬಂದಿರಲಿಲ್ಲ.

ಯಾಕೆಂದರೆ ಮನೆಯಲ್ಲಿ ಅತ್ತೆ ಇದ್ದರು. ಕೆಟ್ಟ ಹೆಂಗಸಲ್ಲ, ಸೊಸೆಗೆ ಒಂದು ದಿನ ಗದರಿದವರಲ್ಲ. ಆದರೆ ಮಾತು. ಬೆಳಿಗ್ಗೆ ಅವರು ಹಾಸಿಗೆ ಬಿಡುವ ಮೊದಲೇ ಅವರ ಮಾತು ಎದ್ದು ಮನೆಯೆಲ್ಲ ಓಡಾಡುತ್ತಿತ್ತು. ಪಕ್ಕದ ಮನೆಯ ನಲ್ಲಿ ಸೋರುವ ಕತೆ, ಎದುರು ಮನೆಯವಳ ತಂಗಿಯ ಮೈದುನನ ಸೊಂಟದ ಕತೆ, ಒಂದರ ಬಾಲ ಹಿಡಿದುಕೊಂಡು ಇನ್ನೊಂದು ಬರುತ್ತಿತ್ತು. ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಬೀದಿಯವರ ಹರಿದ ಅಂಗಿಗೆಲ್ಲ ಗುಂಡಿ ಹಚ್ಚಿಕೊಡುವುದು ಅವರ ಹವ್ಯಾಸ. ಪಕ್ಕದಲ್ಲಿ ಸದಾ ಗುಂಡಿ ತುಂಬಿದ ಒಂದು ನೀಲಿ ತಗಡಿನ ಡಬ್ಬಿ ಇರುತ್ತಿತ್ತು, ಮುಚ್ಚಳ ಒಂದು ಕಡೆ ನೆಗ್ಗಿದ್ದು, ಚಮಚದ ಹಿಡಿಯಿಂದ ಮೀಟಿದರೆ ಮಾತ್ರ ತೆರೆಯುವಂಥದ್ದು. ಮದುವೆಯಾಗಿ ಬಂದ ಮೊದಲ ವಾರದಲ್ಲೇ ಸೊಸೆ ಒಂದು ಪಾಠ ಕಲಿತಿದ್ದಳು. ಈ ಮನೆಯಲ್ಲಿ ಅಪ್ಪಿತಪ್ಪಿಯೂ 'ಆಮೇಲೆ?' ಎಂದು ಕೇಳಬಾರದು. ಇಪ್ಪತ್ತೆರಡು ವರ್ಷದಲ್ಲಿ ಅವಳು ಒಮ್ಮೆಯೂ ಕೇಳಿರಲಿಲ್ಲ. ಕೇಳದೆಯೇ ಇಷ್ಟಾದರೆ ಕೇಳಿದರೆ ಎಷ್ಟಾದೀತು ಎಂಬ ಭಯ.

ಹೀಗಿರುವಾಗ ಒಂದು ಸೋಮವಾರ ಮ್ಯಾನೇಜರು ಮುಖ ಅರಳಿಸಿಕೊಂಡು ಕ್ಯಾಟಲಾಗು ಕೋಣೆಯ ಬಾಗಿಲಲ್ಲಿ ನಿಂತ. ಒಳ್ಳೆಯವನೇ, ಆದರೆ ಅಂಕಿ ಕಂಡರೆ ಮೈಮರೆಯುವ ಜಾತಿ.

"ಮೇಡಂ, ಹೊಸ ಯಂತ್ರ ಹಾಕಿಸಿದೀವಿ. ಯಂತ್ರ ಅಂದ್ರೆ ಪ್ರೋಗ್ರಾಮು. ನಿನ್ನೆ ಒಂಬತ್ತು ಸಾವಿರ ವಿಳಾಸಾನೂ ಅದೇ ಒತ್ತಿ ನೋಡಿದೆ. ನಲವತ್ತು ನಿಮಿಷ. ತಪ್ಪು ಎಷ್ಟು ಸಿಕ್ತು ಹೇಳಿ ನೋಡೋಣ?"

"ಎಷ್ಟು ಸಾರ್?"

"ಸೊನ್ನೆ."

"ಹಾಗಾದ್ರೆ ಅದು ನೋಡಿಲ್ಲ ಸಾರ್. ಒತ್ತಿದೆ ಅಷ್ಟೆ."

ಮ್ಯಾನೇಜರ ಮುಖ ಸ್ವಲ್ಪ ಮುದುಡಿತು. ವಿಷಯ ಹೇಳಲು ಅವನಿಗೆ ಅದರಿಂದ ಅನುಕೂಲವೇ ಆಯಿತು. ಬರುವ ತಿಂಗಳಿನಿಂದ ಕ್ಯಾಟಲಾಗು ಕೋಣೆಯ ಕೆಲಸವೆಲ್ಲ ಯಂತ್ರದ್ದು. ಅವಳನ್ನು ಊರಾಚೆಯ ಗೋದಾಮಿಗೆ, ಪ್ಯಾಕಿಂಗಿಗೆ ಹಾಕಲಾಗುತ್ತದೆ. ಅಲ್ಲಿ ನಿಂತೇ ಕೆಲಸ, ಅರವತ್ತು ಜನ, ಟೇಪು ಹರಿಯುವ ಸದ್ದು, ಅದರ ಮೇಲೆ ರೇಡಿಯೋ. ಎರಡು ಬಸ್ಸು ಬದಲಿಸಬೇಕು. ಅವಳಿಗೆ ಬಸ್ಸಾಗಲಿ ಮಂಡಿನೋವಾಗಲಿ ಕಣ್ಣ ಮುಂದೆ ಬರಲಿಲ್ಲ. ಆ ರೇಡಿಯೋ ಬಂತು. ಬೆಳಿಗ್ಗೆ ಅತ್ತೆ, ಹಗಲೆಲ್ಲ ರೇಡಿಯೋ, ಸಂಜೆ ಮತ್ತೆ ಅತ್ತೆ. 

"ಒಂದು ತಪ್ಪು ತೋರಿಸಿದ್ರೆ?" ಎಂದಳು.

"ಒಂದೇ ಒಂದು ತೋರಿಸಿ. ಶನಿವಾರದ ಮೀಟಿಂಗಲ್ಲಿ, ಎಲ್ಲರ ಮುಂದೆ. ಕುರ್ಚಿ ನಿಮ್ಮದೇ. ಆದ್ರೆ ಒಂದು ಮಾತು, ಅಲ್ಲೀವರೆಗೆ ಕ್ಯಾಟಲಾಗಿಗೆ ಬೀಗ. ಯಾರೂ ಏನೂ ಬದಲಾಯಿಸೋ ಹಾಗಿಲ್ಲ. ಇರೋದು ಇದ್ದ ಹಾಗೇ ಇರಬೇಕು." ಹೋಗುತ್ತಾ ಅವನು ತಿರುಗಿ ನಿಂತು ಇನ್ನೊಂದು ಸುದ್ದಿಯನ್ನೂ ಹೇಳಿದ. ವರ್ಷವಿಡೀ ಅತಿ ಹೆಚ್ಚು ತೆರೆದ ಪುಟ ಯಾವುದೆಂದು ಯಂತ್ರ ಲೆಕ್ಕ ಹಾಕಿತ್ತು. ಬಕೆಟ್ಟಲ್ಲ, ಇಸ್ತ್ರಿಪೆಟ್ಟಿಗೆಯಲ್ಲ, ವಸ್ತು ಸಂಖ್ಯೆ ಒಂದು. ದಾಸ್ತಾನು ಇಲ್ಲವೆಂದು ತೋರಿಸುತ್ತಿದ್ದರೂ ಸಾವಿರದ ನೂರ ಇಪ್ಪತ್ತಾರು ಜನ 'ಬಂದ ಕೂಡಲೇ ತಿಳಿಸಿ' ಎಂಬ ಗುಂಡಿ ಒತ್ತಿ ಕಾದು ಕೂತಿದ್ದರು. "ಇಷ್ಟು ಬೇಡಿಕೆ ಇರೋ ಮಾಲನ್ನ ಇಷ್ಟು ವರ್ಷ ತರಿಸೇ ಇಲ್ಲ ನೋಡಿ ನಮ್ಮೋರು. ಖರೀದಿಯವನಿಗೆ ಹೇಳಿದೀನಿ, ಐನೂರು ಪೀಸು ಬೇಗ ತರಿಸು ಅಂತ."

ವಸ್ತು ಸಂಖ್ಯೆ ಒಂದು ಏನೆಂದು ಅವನು ನೋಡಿರಲಿಲ್ಲ. ವರದಿಯಲ್ಲಿದ್ದದ್ದು ಅಂಕಿ ಮಾತ್ರ, ಅವನಿಗೆ ಅಷ್ಟೇ ಸಾಕಾಗಿತ್ತು. ವಿಳಾಸದಮ್ಮನಿಗೂ ಆಗ ಏನೂ ಹೊಳೆಯಲಿಲ್ಲ. ಅವಳ ತಲೆಯಲ್ಲಿ ರೇಡಿಯೋ ಕೂಗುತ್ತಿತ್ತು.

ಯಂತ್ರ ತಪ್ಪಿದ್ದು ಎಲ್ಲಿ ಎಂದು ಹುಡುಕಲು ಅವಳಿಗೆ ದಾರಿ ತೋರಿಸಿದ್ದು ಗಂಡನ ಕಸುಬು. ಗಂಡನದು ಬೀಗ ರಿಪೇರಿಯ ಅಂಗಡಿ, ಎರಡು ದೊಡ್ಡ ಕಟ್ಟಡಗಳ ನಡುವಿನ ಸಂದಿನಲ್ಲಿ ಒಂದು ಕಪಾಟಿನಷ್ಟು ಅಗಲದ್ದು. ಕೀಲಿ ಕಳೆದುಕೊಂಡವರ ಮನೆಗೆ ಹೋಗಿ ಬೀಗ ತೆಗೆದುಕೊಡುವುದೂ ಅವನ ಕೆಲಸವೇ. ಹೊಸತರಲ್ಲಿ ಒಮ್ಮೆ ಒಬ್ಬ ಮರೆಗುಳಿ ಮೇಷ್ಟ್ರು ಅವನನ್ನು ಕರೆದುಕೊಂಡು ಹೋಗಿ ಬಾಗಿಲು ತೆಗೆಸಿದ್ದರು. ಬಾಗಿಲೇನೋ ಸಲೀಸಾಗಿ ತೆರೆಯಿತು. ಒಳಗೆ ಹೋದ ಮೇಷ್ಟ್ರು ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ನೀರು ಕುಡಿದು, ಆಮೇಲೆ ಗೋಡೆ ನೋಡಿ, "ಇದ್ಯಾರದಪ್ಪಾ ಮನೆ?" ಎಂದು ಕೇಳಿದ್ದರು. ಅವರ ಮನೆ ಒಂದು ಮಹಡಿ ಮೇಲಿತ್ತು. ಅಂದಿನಿಂದ ಗಂಡ ಯಾವ ಬೀಗಕ್ಕೆ ಕೈ ಹಾಕುವ ಮೊದಲೂ ಒಂದು ಪ್ರಶ್ನೆ ಕೇಳುತ್ತಾನೆ. "ಬಾಗಿಲು ತೆಗೆದ ತಕ್ಷಣ ಎದುರು ಗೋಡೆ ಮೇಲೆ ಏನು ಕಾಣುತ್ತೆ ಹೇಳಿ." ಹೇಳಿದ್ದು ಕಂಡರೆ ಒಳಗೆ ಬಿಡುತ್ತಾನೆ, ಇಲ್ಲದಿದ್ದರೆ ಬಾಗಿಲು ಹಾಕಿ ಮತ್ತೆ ಬೀಗ ಜಡಿಯುತ್ತಾನೆ.

ಯಂತ್ರ ಆ ಪ್ರಶ್ನೆ ಕೇಳುವುದಿಲ್ಲ ಎಂದು ಅವಳಿಗೆ ಮಂಗಳವಾರ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಅದಕ್ಕೆ ಬಾಗಿಲು ತೆರೆದರೆ ಸಾಕು, ಯಾರ ಮನೆಯಾದರೂ ಸರಿ. ಕಚೇರಿಗೆ ಹೋದವಳೇ ಹಳೆಯ ವಸ್ತುಗಳ ಪಟ್ಟಿ ತೆಗೆದಳು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು. ಪ್ರತಿ ವಿಳಾಸ ಒತ್ತುವ ಮೊದಲು ಎದುರು ಗೋಡೆಯ ಮೇಲೆ ಏನು ಕಾಣಬೇಕೆಂದು ಬರೆದುಕೊಳ್ಳುವುದು, ಆಮೇಲೆ ಒತ್ತುವುದು. ಹಸಿರು ಪ್ಲಾಸ್ಟಿಕ್ ಜಗ್ಗು ಎಂದು ಬರೆದಳು, ಜಗ್ಗೇ ಬಂತು. ಮರದ ಮಣೆ, ಮಣೆಯೇ ಬಂತು. ಹೀಗೆ ಮೂವತ್ತೆಂಟು ಸರಿಬಂದವು. ಮೂವತ್ತೊಂಬತ್ತನೆಯದು, 'ಮೂರು ಮಡಿಕೆಯ, ಗುಂಡಿ ಒತ್ತಿದರೆ ತಾನೇ ಬಿಚ್ಚಿಕೊಳ್ಳುವ, ಉದ್ದ ಹಿಡಿಯ ಕಪ್ಪು ಛತ್ರಿ.' ಛತ್ರಿ ಎಂದು ಬರೆದು ಒತ್ತಿದಳು.

ಛತ್ರಿ ಬರಲಿಲ್ಲ. ಪರದೆಯ ತುಂಬ ಒಂದು ನೀಲಿ ತಗಡಿನ ಡಬ್ಬಿ ಕಾಣಿಸಿತು, ಮುಚ್ಚಳ ಒಂದು ಕಡೆ ನೆಗ್ಗಿದ್ದು.

ಅವಳು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ಓದಿದಳು. 'ವಸ್ತು ಸಂಖ್ಯೆ: ೧. ಹೆಸರು: ಅತ್ತೆಯ ಮೌನ. ವಿವರ: ಅತ್ಯಂತ ಅಪರೂಪದ್ದು. ಒಂದು ಕೊಂಡರೆ ಇಡೀ ಮನೆಗೆ ಸಾಕು. ಮಕ್ಕಳಿಂದ ಹಿಡಿದು ಮುದುಕರವರೆಗೆ ಎಲ್ಲರಿಗೂ ಹಿತ. ಬಣ್ಣ: ಬಿಳಿ. ತೂಕ: ಇನ್ನೂ ಯಾರೂ ತೂಗಿಲ್ಲ. ಸದ್ಯ ದಾಸ್ತಾನು ಇಲ್ಲ.' ಕೆಳಗೆ, ಕಚೇರಿಯವರಿಗೆ ಮಾತ್ರ ಕಾಣುವ ಸಣ್ಣ ಅಕ್ಷರದಲ್ಲಿ, ತುಂಬಿದವರು ಯಾರೆಂದು ಇತ್ತು. ಅವಳದೇ ನಂಬರು.

ಎಲ್ಲ ನೆನಪಾಯಿತು. ಎಂಟು ವರ್ಷದ ಹಿಂದೆ, ಅಂಗಡಿಯೂ ಹೊಸದು ಅವಳೂ ಹೊಸಬಳು. ಕೆಲಸ ಕಲಿಸಲು ಬಂದವಳು, "ಸುಮ್ನೆ ಯಾವುದಾದ್ರೂ ಒಂದು ವಸ್ತು ತುಂಬಿ ನೋಡಿ, ಆಮೇಲೆ ನಾನು ಅಳಿಸ್ತೀನಿ" ಎಂದಿದ್ದಳು. ಅಂದು ಬೆಳಿಗ್ಗೆ ಅತ್ತೆ ಬಾಗಿಲವರೆಗೂ, ಬಾಗಿಲಿಂದ ಬೀದಿಯ ತಿರುವಿನವರೆಗೂ ಮಾತಾಡುತ್ತಲೇ ಬಂದಿದ್ದರು. ಫೋನಿನಲ್ಲಿದ್ದ ಒಂದೇ ಒಂದು ಸ್ಪಷ್ಟ ಫೋಟೋ ಅವರ ಗುಂಡಿ ಡಬ್ಬಿಯದು, ಇಂಥದ್ದೇ ಇನ್ನೊಂದು ಸಿಕ್ಕರೆ ನೋಡು ಎಂದು ಅವರೇ ತೆಗೆಸಿದ್ದು. ಕಲಿಸುವವಳು ನಕ್ಕು ಟೀಗೆ ಹೋದಳು, ಮರುವಾರ ಕೆಲಸವನ್ನೇ ಬಿಟ್ಟು ಹೋದಳು. ಅಳಿಸುವುದು ಅಲ್ಲಿಗೇ ನಿಂತಿತು.

ಛತ್ರಿ ಒತ್ತಿದರೆ ಡಬ್ಬಿ ಯಾಕೆ ಬಂತು ಎಂಬುದೂ ಮಧ್ಯಾಹ್ನದೊಳಗೆ ಬಗೆಹರಿಯಿತು. ಎರಡು ವರ್ಷದ ಹಿಂದೆ ಮ್ಯಾನೇಜರೇ ಒಂದು ಅಪ್ಪಣೆ ಹೊರಡಿಸಿದ್ದ. ನಮ್ಮ ಅಂಗಡಿಯಲ್ಲಿ 'ಈ ಪುಟ ಸಿಗಲಿಲ್ಲ' ಎಂಬ ಮಾತು ಗಿರಾಕಿಯ ಕಣ್ಣಿಗೆ ಬೀಳಲೇಬಾರದು. ವೆಬ್‌ಸೈಟು ಕಟ್ಟುತ್ತಿದ್ದವನು ಅಪ್ಪಣೆ ಪಾಲಿಸಿದ. ಯಾವುದೇ ವಿಳಾಸ ಸಿಗದಿದ್ದರೆ ಸೀದಾ ಮೊದಲನೆಯ ವಸ್ತುವಿನ ಪುಟಕ್ಕೆ ಹೋಗು ಎಂದು ಬರೆದು, ಮೊದಲನೆಯದು ಏನೆಂದು ನೋಡದೆ ಕೈತೊಳೆದುಕೊಂಡ. ಅವಳು ಎಂದೋ ನೋಡಿ ಸರಿ ಎಂದಿದ್ದ ಉದ್ದ ಹೆಸರಿನ ವಸ್ತುಗಳ ವಿಳಾಸಗಳು ಆಗ ಹೊಸ ವೆಬ್‌ಸೈಟಿಗೆ ನಕಲಾಗುವಾಗ ಬಾಲ ಕತ್ತರಿಸಿ ಹೋಗಿದ್ದವು. ಮಾರಾಟ ನಿಲ್ಲಿಸಿದ ವಸ್ತುಗಳ ವಿಳಾಸಗಳು ಪಟ್ಟಿಯಲ್ಲೇ ಉಳಿದಿದ್ದವು. ಹೀಗೆ ದಾರಿ ತಪ್ಪಿದ ಗಿರಾಕಿಗಳೆಲ್ಲ ಎರಡು ವರ್ಷದಿಂದ ಅವಳ ಅತ್ತೆಯ ಡಬ್ಬಿಯ ಮುಂದೆ ಬಂದು ನಿಲ್ಲುತ್ತಿದ್ದರು. ಛತ್ರಿ ಬೇಕೆಂದು ಬಂದವರು ಛತ್ರಿಯನ್ನು ಮರೆತು, 'ಬಂದ ಕೂಡಲೇ ತಿಳಿಸಿ' ಒತ್ತಿ ಹೋಗುತ್ತಿದ್ದರು.

ಅವಳಿಗೆ ಮೊದಲು ನಗು ಬಂತು. ಬಾಯಿಗೆ ಸೆರಗು ಒತ್ತಿಕೊಂಡು, ಮೇಜಿನ ಕೆಳಗೆ ಬಗ್ಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಕ್ಕು ಎದ್ದ ಮೇಲೆ ಭಯ ಬಂತು. ಅಂಗಡಿಯಲ್ಲಿ ಇಲ್ಲದ ವಸ್ತುವನ್ನು ಕ್ಯಾಟಲಾಗಿಗೆ ತುಂಬಿದವರನ್ನು ಕೆಲಸದಿಂದ ತೆಗೆಯಲಾಗುವುದು ಎಂಬ ನಿಯಮ ಅವಳ ಬೆನ್ನ ಹಿಂದಿನ ಗೋಡೆಯ ಮೇಲೇ ಅಂಟಿಸಿತ್ತು. ಅಂಟಿಸಿದ್ದವಳು ಅವಳೇ. ತಪ್ಪು ತೋರಿಸಿದರೆ ಈ ಪುಟ ತೋರಿಸಬೇಕು, ಕೆಲಸ ಹೋಗುತ್ತದೆ. ತೋರಿಸದಿದ್ದರೆ ಗೋದಾಮು, ರೇಡಿಯೋ. ಅಳಿಸಿಬಿಡೋಣವೆಂದರೆ ಕ್ಯಾಟಲಾಗಿಗೆ ಬೀಗ.

ಬುಧವಾರ ಖರೀದಿಯವನು ಬಾಗಿಲಲ್ಲಿ ತಲೆ ಹಾಕಿದ. ಕಂಪ್ಯೂಟರ್ ಮುಟ್ಟಿದರೆ ಕೈ ಸುಡುತ್ತದೆ ಎಂದು ನಂಬಿದವನು ಅವನು, ಅವನ ವ್ಯಾಪಾರವೆಲ್ಲ ಫೋನಿನಲ್ಲಿ, ಸಂಖ್ಯೆಯ ಮೇಲೆ.

"ಮೇಡಂ, ಈ ಸಂಖ್ಯೆ ಒಂದು ಏನು ಮಾಲು? ನಿಮಗೆ ಗೊತ್ತಿರಬೇಕಲ್ಲ."

"ತುಂಬಾ ಅಪರೂಪದ್ದು ಅಂತ ಕೇಳಿದೀನಿ."

"ಅದೇ ನೋಡಿ. ಮೂರು ಜನ ಸರಬರಾಜುದಾರರನ್ನ ಕೇಳ್ದೆ. ಇಬ್ಬರು ಹೆಸರು ಕೇಳಿದ್ರು, ನನಗೇ ಗೊತ್ತಿಲ್ಲ, ಏನ್ ಹೇಳ್ಲಿ? ಮೂರನೆಯವನು ಒಳ್ಳೇ ಮನುಷ್ಯ, ಏನೂ ಕೇಳ್ಲಿಲ್ಲ. ಹದಿನೈದು ದಿನದಲ್ಲಿ ಐನೂರೂ ಕಳಿಸ್ತೀನಿ ಅಂದ."

"ಕಳಿಸಿದ್ರೆ ಒಂದು ನನಗೆ ತೆಗೆದಿಡಿ," ಎಂದಳು ವಿಳಾಸದಮ್ಮ. ಬಾಯಿ ತಪ್ಪಿ ಬಂದ ಮಾತು. ಅವನು ಖುಷಿಯಿಂದ ಚೀಟಿಯಲ್ಲಿ ಬರೆದುಕೊಂಡು ಹೋದ.

ಅಂದು ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದುಕೊಂಡು ಗಂಡನ ಅಂಗಡಿಗೇ ಹೋದಳು. ಮನೆಯಲ್ಲಿ ಹೇಳುವ ವಿಷಯವಲ್ಲ. ಅವನು ಒಂದು ಹಳೆಯ ಬೀಗದ ಹೊಟ್ಟೆಗೆ ಎಣ್ಣೆ ಬಿಡುತ್ತಿದ್ದ. ಎಲ್ಲ ಕೇಳಿದ. ವಿವರವನ್ನು ಎರಡು ಸಲ ಹೇಳಿಸಿದ. ಎಣ್ಣೆ ಡಬ್ಬಿ ಉರುಳುವಂತೆ ನಕ್ಕ.

"ತೂಕ ಇನ್ನೂ ಯಾರೂ ತೂಗಿಲ್ಲ ಅಂತ ಬರೆದ್ಯಾ? ನಮ್ಮಮ್ಮನ ಬಗ್ಗೆ?"

"ನಗಬೇಡಿ ರೀ. ನನ್ನ ಕೆಲಸ ಹೋಗೋ ಹಾಗಿದೆ. ನೀವು ಬೀಗ ತೆಗೆಯೋರು, ಆ ಕ್ಯಾಟಲಾಗಿನ ಬೀಗ ಒಂದು ಚೂರು ತೆಗೆದುಕೊಡಿ, ಅಳಿಸಿಬಿಡ್ತೀನಿ."

"ಆ ಬೀಗ ನನ್ನ ಕೈಲಾಗಲ್ಲ ಮಾರಾಯ್ತಿ." ಅವನು ಕೈ ಒರೆಸಿಕೊಂಡ. "ಮೇಷ್ಟ್ರು ಕತೆಯಲ್ಲಿ ನಿನಗೊಂದು ಹೇಳಿಲ್ಲ. ಅವರು ಯಾರದಪ್ಪಾ ಮನೆ ಅಂದ ತಕ್ಷಣ ಓಡಿಹೋಗೋಣ ಅನ್ನಿಸ್ತು. ಮೆಟ್ಟಿಲವರೆಗೂ ಹೋದೆ. ಆಮೇಲೆ ಯೋಚನೆ ಬಂತು. ಬೀಗ ತೆಗೆದೋನು ಓಡಿದ್ರೆ ಕಳ್ಳ ಅಂತಾರೆ, ನಿಂತ್ರೆ ಬೀಗದೋನು ಅಂತಾರೆ. ಮನೆಯೋರು ಬರೋವರೆಗೂ ಬಾಗಿಲಲ್ಲೇ ನಿಂತಿದ್ದೆ. ಎರಡು ಗಂಟೆ."

"ಬೈದ್ರಾ?"

"ಸರಿಯಾಗಿ ಬೈದ್ರು. ಆದ್ರೆ ಈಗ್ಲೂ ಬೀಗ ಕೆಟ್ರೆ ನನ್ನನ್ನೇ ಕರೀತಾರೆ."

ಅವಳು ಊಟ ಮಾಡದೆ ಡಬ್ಬಿ ಅಲ್ಲೇ ಬಿಟ್ಟು ಕಚೇರಿಗೆ ಮರಳಿದಳು. ಶುಕ್ರವಾರ ಸಂಜೆಯವರೆಗೆ ಕುರ್ಚಿಯಿಂದ ಏಳಲಿಲ್ಲ. ಉದ್ದ ಹೆಸರಿನವನ್ನೂ ಮಾರಾಟ ನಿಂತವನ್ನೂ ಒಂದೊಂದಾಗಿ, ಎದುರು ಗೋಡೆ ಬರೆದು, ಒತ್ತಿ, ನೋಡಿ, ಗುರುತು ಹಾಕಿದಳು. ಆ ಗುಂಡಿ ಡಬ್ಬಿ ಆರುನೂರ ನಲವತ್ತೊಂದು ಸಲ ಅವಳ ಕಣ್ಣ ಮುಂದೆ ಬಂದು ಹೋಯಿತು. ಕೊನೆಕೊನೆಗೆ ಅದು ತನ್ನನ್ನೇ ನೋಡಿ ನಗುತ್ತಿದೆ ಎಂದೆನಿಸಿತು.

ಶನಿವಾರದ ಮೀಟಿಂಗಿಗೆ ಮಹಡಿಯವರೆಲ್ಲ ಬಂದಿದ್ದರು. ವಿಳಾಸದಮ್ಮ ಗೆಲ್ಲುತ್ತಾಳೋ ಯಂತ್ರವೋ ಎಂದು ಒಳಗೊಳಗೇ ಬಾಜಿ ನಡೆದಿತ್ತು. ಅವಳು ದೊಡ್ಡ ಪರದೆಯ ಪಕ್ಕ ನಿಂತು ಮ್ಯಾನೇಜರಿಗೆ ಹೇಳಿದಳು:

"ಸಾರ್, ನೀವೇ ಈ ಪಟ್ಟಿಯಿಂದ ಯಾವುದಾದ್ರೂ ಒಂದು ಹೇಳಿ. ಒತ್ತೋದಕ್ಕೆ ಮುಂಚೆ, ಏನು ಕಾಣಬೇಕು ಅಂತಾನೂ ಹೇಳಿ."

"ಇದು. ಎರಡು ಬದಿ ಬಳಸುವ, ಚಳಿಗಾಲದ, ದಪ್ಪ ಹೊದಿಕೆ. ಹೊದಿಕೆ ಕಾಣಬೇಕು."

ಒತ್ತಿದಳು. ನೀಲಿ ಡಬ್ಬಿ, ನೆಗ್ಗಿದ ಮುಚ್ಚಳ, ಒಂದೊಂದು ಅಕ್ಷರವೂ ಅಂಗೈಯಷ್ಟು ದೊಡ್ಡದಾಗಿ, ಅತ್ತೆಯ ಮೌನ.  ಮ್ಯಾನೇಜರು ಬಗ್ಗಿ ವಿವರ ಓದಿದ. ಓದುತ್ತಾ ಅವನ ಕಿವಿ ಕೆಂಪಾಯಿತು. ಇನ್ನೊಂದು ಒತ್ತಿ ಎಂದ. ಒತ್ತಿದಳು, ಡಬ್ಬಿ. ಮತ್ತೊಂದು. ಡಬ್ಬಿ.

"ಇಂಥವು ಆರುನೂರ ನಲವತ್ತೊಂದು ಇವೆ ಸಾರ್. ಯಂತ್ರಕ್ಕೆ ಎಲ್ಲ ಸರಿ, ಯಾಕಂದ್ರೆ ಪುಟ ತೆರೆಯುತ್ತೆ. 'ಸಿಗಲಿಲ್ಲ' ಅನ್ನೋದು ಕಾಣಬಾರದು ಅಂತ ನೀವೇ ಹೇಳಿದ್ರಿ. ಅದಕ್ಕೆ ಸಿಗದೇ ಇರೋದೆಲ್ಲ ಇಲ್ಲಿಗೆ ಬರ್ತಿದೆ." ಅವಳಿಗೆ ಓಡಬೇಕೆನ್ನಿಸಿತು, ಬಾಗಿಲು ಹತ್ತಿರವೇ ಇತ್ತು. ಓಡಲಿಲ್ಲ. "ಈ ಪುಟ ತುಂಬಿದ್ದು ನಾನು. ಸೇರಿದ ಮೊದಲ ದಿನ. ತಮಾಷೆಗೆ."

ಖರೀದಿಯವನು ಹಿಂದಿನ ಸಾಲಿನಿಂದ ಎದ್ದು ನಿಂತ. ಪರದೆಯನ್ನು ಒಮ್ಮೆ, ತನ್ನ ಕೈಯಲ್ಲಿದ್ದ ಚೀಟಿಯನ್ನು ಒಮ್ಮೆ ನೋಡಿದ. "ಸಾರ್," ಎಂದ ಸಣ್ಣ ದನಿಯಲ್ಲಿ, "ಐನೂರಕ್ಕೆ ಆರ್ಡರ್ ಕೊಟ್ಟಾಯ್ತು. ಅವನು ಬಣ್ಣ ಯಾವುದು ಅಂತ ಕೇಳ್ತಿದ್ದ."

ಆಮೇಲೆ ಆ ಕೋಣೆಯನ್ನು ತಹಬಂದಿಗೆ ತರಲು ಯಾರಿಂದಲೂ ಆಗಲಿಲ್ಲ. ಮೇಜು ಬಡಿದವರು, ಕುರ್ಚಿಯಿಂದ ಜಾರಿದವರು, ಒಬ್ಬಳು ಹೊಟ್ಟೆ ಹಿಡಿದುಕೊಂಡು ಹೊರಗೇ ಹೋದಳು. ಮ್ಯಾನೇಜರು ಮಾತ್ರ ನಗಲಿಲ್ಲ. ಎಲ್ಲರೂ ಸುಸ್ತಾಗುವವರೆಗೆ ಕಾದು, ಅವನು ತೀರ್ಪು ಕೊಟ್ಟ. ಮಾತು ಕೊಟ್ಟಾಗಿದೆ, ಕುರ್ಚಿ ಅವಳದೇ. ಯಂತ್ರ ಒತ್ತಲಿ, ಅವಳು ನೋಡಲಿ. ಕೆಲಸದಿಂದ ತೆಗೆಯುವ ನಿಯಮವನ್ನು ಅವನು ಎತ್ತಲಿಲ್ಲ, ಅದನ್ನು ಎತ್ತಿದರೆ 'ಸಿಗಲಿಲ್ಲ' ಎಂಬ ಅಪ್ಪಣೆಯೂ ಮೇಲೆದ್ದು ಬರುತ್ತಿತ್ತು. ಆದರೆ ಇವತ್ತೇ ಆ ಪುಟ ಹೋಗಬೇಕು. ಹೋಗುವ ಮೊದಲು, ಕಾದು ಕೂತ ಸಾವಿರದ ನೂರ ಇಪ್ಪತ್ತಾರು ಜನರಿಗೂ ಅವಳ ಕೈಯಿಂದಲೇ ಕ್ಷಮಾಪಣೆಯ ಸಂದೇಶ ಹೋಗಬೇಕು. ಕೊನೆಗೆ ದನಿ ತಗ್ಗಿಸಿ ಕೇಳಿದ, "ಡಬ್ಬಿ ಒಳಗೆ ಏನಿದೆ ಮೇಡಂ?"

"ಗುಂಡಿ ಸಾರ್."

"ಓ," ಎಂದು ಅವನು ಸ್ವಲ್ಪ ನಿರಾಸೆಯಿಂದಲೇ ಹೊರಟ.

ಮಧ್ಯಾಹ್ನ ಅವಳು ಸಂದೇಶ ಬರೆದಳು. 'ಮಾನ್ಯರೆ, ತಾವು ಕೇಳಿದ್ದ ಅತ್ತೆಯ ಮೌನ ನಮ್ಮಲ್ಲಿ ಎಂದೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ತಮ್ಮನ್ನು ಕಾಯಿಸಿದ್ದಕ್ಕೆ ಕ್ಷಮೆ ಇರಲಿ.' ಸಂಜೆ ಆರಕ್ಕೆ ಎಲ್ಲರಿಗೂ ಒಟ್ಟಿಗೆ ಹೋಗುವಂತೆ ಇಟ್ಟಳು. ಕಳಿಸುವ ಮೊದಲು, ಅಭ್ಯಾಸ ಬಿಡುತ್ತದೆಯೆ, ಫೋನ್ ನಂಬರುಗಳ ಪಟ್ಟಿಯನ್ನು ಮೇಲಿಂದ ಕೆಳಗೆ ಕಣ್ಣಾಡಿಸಿದಳು, ಎಲ್ಲಾದರೂ ಒಂದಂಕಿ ಕಡಿಮೆ ಇದೆಯೇ ಎಂದು. ನಾನೂರ ಹನ್ನೆರಡನೆಯ ಸಾಲಿನಲ್ಲಿ ಅವಳ ಬೆರಳು ನಿಂತಿತು.

ಆ ನಂಬರು ಅವಳಿಗೆ ಬಾಯಿಪಾಠ. ದಿನಕ್ಕೆ ಮೂರು ಸಲ ಬರುವ ಕರೆ. ಅತ್ತೆಯದು. ಗುಂಡಿ ಒತ್ತಿ ಹದಿನಾಲ್ಕು ತಿಂಗಳಾಗಿತ್ತು.

 ಹದಿನಾಲ್ಕು ತಿಂಗಳು ಅವರು ಇದನ್ನು ಓದಿಕೊಂಡು, ತಮ್ಮ ಡಬ್ಬಿಯನ್ನು ಗುರುತಿಸಿಕೊಂಡು, ಸೊಸೆಯ ಮುಂದೆ ಕೂತು ನಲ್ಲಿಯ ಕತೆ ಹೇಳಿದ್ದರು. ಒಂದೇ ಒಂದು ಮಾತು ಆಡಿರಲಿಲ್ಲ. ಅಷ್ಟು ಮಾತಾಡುವವರು. ಆ ಒಂದು ಸಾಲನ್ನು ಪಟ್ಟಿಯಿಂದ ತೆಗೆದುಬಿಡಲು ಕೈ ಹೋಯಿತು. ಉಳಿದ ಸಾವಿರದ ನೂರ ಇಪ್ಪತ್ತೈದು ಜನರಿಗೆ ಕ್ಷಮೆ ಕೇಳಿ, ನಿಜವಾಗಿ ಕೇಳಬೇಕಾದವರನ್ನೇ ಬಿಡುವುದೇ ಎಂದು ನಾಚಿಕೆಯಾಗಿ ಕೈ ಹಿಂದೆಗೆದುಕೊಂಡಳು.

ಆರು ಗಂಟೆಗೆ ಮುಂಚೆ ಮನೆ ಮುಟ್ಟಿ ತಾನೇ ಹೇಳಿಬಿಡಬೇಕೆಂದು ಓಡಿದಳು. ಮುಟ್ಟಿದಾಗ ಐದು ನಿಮಿಷ ಉಳಿದಿತ್ತು. ಅತ್ತೆ ಕಿಟಕಿಯ ಬಳಿ ಕೂತು ಯಾರದೋ ಅಂಗಿಗೆ ಗುಂಡಿ ಹಚ್ಚುತ್ತಿದ್ದರು. ಪಕ್ಕದಲ್ಲಿ ನೀಲಿ ಡಬ್ಬಿ. ಆ ಡಬ್ಬಿಯನ್ನು ವಾರವಿಡೀ ನೋಡಿದ್ದ ಸೊಸೆಗೆ ಅದರ ಕಡೆ ಕಣ್ಣೆತ್ತಲಾಗಲಿಲ್ಲ.

"ಬಂದ್ಯಾ? ಬಾ ಕೂತ್ಕೋ. ಪಕ್ಕದ ಮನೆ ನಲ್ಲಿ ಇವತ್ತು ಏನಾಯ್ತು ಗೊತ್ತಾ, ರಿಪೇರಿಯೋನು ಬಂದ, ಬಂದೋನು ನಲ್ಲೀನೇ ಕಿತ್ತು ಕೈಗೆ ಕೊಟ್ಟ. ಅವಳು ಅದನ್ನ ಹಿಡ್ಕೊಂಡು ಬೀದಿಗೆ ಬಂದ್ಲು, ಬಂದ್ರೆ ಎದುರಿಗೆ ಯಾರು ಅಂತೀಯ..."

"ಅತ್ತೆ, ನಿಮಗೊಂದು ವಿಷಯ ಹೇಳಬೇಕು."

ಅಷ್ಟರಲ್ಲಿ ಅತ್ತೆಯ ಮಡಿಲಲ್ಲಿದ್ದ ಫೋನು ಟಿಂಗ್ ಎಂದಿತು. ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ತುಟಿ ಅಲ್ಲಾಡಿಸುತ್ತಾ ನಿಧಾನವಾಗಿ ಓದಿದರು. ಓದಿ ಮುಗಿಸಿ ಸೊಸೆಯ ಮುಖ ನೋಡಿದರು.

"ಹೋದ ವರ್ಷ ಹೆಣಿಗೆ ಕಡ್ಡಿ ಹುಡುಕ್ತಿದ್ದೆ," ಎಂದರು. "ಒತ್ತಿದ್ರೆ ನನ್ನ ಡಬ್ಬಿ ಬಂತು. ನನ್ನ ಡಬ್ಬಿ ನನಗೆ ಗೊತ್ತಾಗಲ್ವಾ? ಆ ನೆಗ್ಗು ನಿನ್ನ ಗಂಡ ಮೂರು ವರ್ಷದವನಿದ್ದಾಗ ಬೀಳಿಸಿದ್ದು."

"ತಪ್ಪಾಯ್ತು ಅತ್ತೆ." ಅವಳಿಗೆ ನಿಜಕ್ಕೂ ಅಳು ಬಂದಿತ್ತು. "ಆದ್ರೆ ನೀವ್ಯಾಕೆ ಆ ಗುಂಡಿ ಒತ್ತಿದ್ರಿ?"

"ಪಾಪ, ಇಷ್ಟು ವರ್ಷದಿಂದ ಆಸೆ ಪಡ್ತಿದೀಯ, ಬಂದ್ರೆ ಒಂದು ತರಿಸಿ ನಿನ್ನ ಕೈಗೆ ಕೊಡೋಣ ಅಂತ." ಅತ್ತೆ ಮತ್ತೆ ಫೋನಿನ ಕಡೆ ಬಗ್ಗಿದರು. "ಮುಂದೆಯೂ ಇರುವುದಿಲ್ಲ ಅಂತ ಬರೆದಿದೀಯಲ್ಲೇ. ಯಾರನ್ನ ಕೇಳಿ ಬರೆದೆ? ತಗೋ."

ಅಷ್ಟು ಹೇಳಿ ಬಾಯಿ ಮುಚ್ಚಿದರು. ಸೂಜಿಗೆ ದಾರ ಪೋಣಿಸಿ ಹೊಲಿಗೆ ಮುಂದುವರಿಸಿದರು.

ಮೊದಲ ಐದು ನಿಮಿಷ ಸೊಸೆಗೆ ನಂಬಿಕೆಯಾಗಲಿಲ್ಲ. ಟೀ ಮಾಡಿ ತಂದುಕೊಟ್ಟಳು, ಅತ್ತೆ ತಲೆಯಾಡಿಸಿ ತೆಗೆದುಕೊಂಡರು. ಹತ್ತು ನಿಮಿಷಕ್ಕೆ ಗೋಡೆ ಗಡಿಯಾರ ಇಷ್ಟು ಜೋರಾಗಿ ಬಡಿಯುತ್ತದೆಂದು ಅವಳಿಗೆ ಮೊದಲ ಬಾರಿ ತಿಳಿಯಿತು. ಕಾಲು ಗಂಟೆಗೆ ಗಂಡ ಬಂದ. ಬಾಗಿಲಲ್ಲೇ ನಿಂತು ಕಿವಿಗೊಟ್ಟ. "ಅಮ್ಮ ಎಲ್ಲಿ?" ಎಂದ. ಇಲ್ಲೇ ಇದ್ದಾರೆ ಎಂದಳು. ಅವನು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ತಾಯಿಯ ಹಣೆ ಮುಟ್ಟಿ ನೋಡಿದ. ಅವರು ಅವನ ಕೈಯನ್ನು ಮೆಲ್ಲಗೆ ಸರಿಸಿ ಹೊಲಿಯುತ್ತಲೇ ಇದ್ದರು.

ಎಂಟು ವರ್ಷ ಆ ಕುರ್ಚಿಯಲ್ಲಿ ಅವಳು ಇಷ್ಟಪಟ್ಟು ಕೂತದ್ದು ಇಂಥದೇ ಸದ್ದಿಲ್ಲದ ಜಾಗದಲ್ಲಿ. ಆದರೆ ಅಲ್ಲಿಂದ ಸಂಜೆ ಎದ್ದು ಬರುವಾಗ ಮನೆಯಲ್ಲಿ ಮಾತು ಕಾದಿರುತ್ತದೆ ಎಂಬುದು ಗೊತ್ತಿರುತ್ತಿತ್ತು. ಈ ಮನೆ ಒಂದು ದಿನ ನಿಜವಾಗಿಯೂ ಹೀಗಾಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು, ತಿಳಿದು ಭಯವಾಯಿತು. ಅತ್ತೆಯ ಕಾಲ ಬಳಿ ನೆಲದ ಮೇಲೆ ಕೂತಳು.

"ಬೇಡ ಅತ್ತೆ. ವಾಪಸ್ ತಗೊಳ್ಳಿ."

ಅತ್ತೆ ದಾರ ಕಚ್ಚಿ ತುಂಡರಿಸಿದರು. "ಯಾಕೆ, ಮಾಲು ಸರಿ ಇಲ್ವಾ?"

"ಮಾಲು ಚೆನ್ನಾಗಿದೆ. ನಮ್ಮನೆಗೆ ಹೊಂದಲ್ಲ."

"ಮೊದಲೇ ನೋಡಿ ತಗೋಬೇಕಪ್ಪ." ಅತ್ತೆ ಡಬ್ಬಿಯ ನೆಗ್ಗಿದ ಮುಚ್ಚಳವನ್ನು ಒತ್ತಿ ಮುಚ್ಚಿದರು. "ಎಲ್ಲಿ ನಿಲ್ಲಿಸಿದ್ದೆ? ಹಾಂ, ಅವಳು ನಲ್ಲಿ ಹಿಡ್ಕೊಂಡು ಬೀದಿಗೆ ಬಂದ್ಲು."

ಸೊಸೆ ಟೀ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೊರಟವಳು ಬಾಗಿಲಲ್ಲಿ ನಿಂತು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದಳು:

"ಆಮೇಲೆ?"